ಒಂದು ಸೈಡು ಪೂರ್ತಿ ಕೇಳಬೇಕೆಂದು ಹೊರಟವನ ಪಾಡು

ಎಲ್.ಪಿ. ರೆಕಾರ್ಡಿನ ಒಂದು ಸೈಡು ಮುಗಿಯಲು ಇಪ್ಪತ್ತು ನಿಮಿಷ ಸಾಕು. ಅಷ್ಟರಲ್ಲಿ ಮನುಷ್ಯ ಶೇವ್ ಮಾಡಿ ಸ್ನಾನ ಮುಗಿಸಬಹುದು. ಸಿಯಾಟಲ್ ಪಕ್ಕದ ಶೋರ್‌ಲೈನಿನ ನಮ್ಮ ಮನೆಯಿಂದ ಊರೊಳಗಿನ ಯೂನಿವರ್ಸಿಟಿ ಡಿಸ್ಟ್ರಿಕ್ಟಿಗೆ ಹೋಗಿ, ಪಾರ್ಕಿಂಗ್ ಹುಡುಕುತ್ತಾ ತಲೆ ಚಚ್ಚಿಕೊಳ್ಳಲು ಶುರು ಮಾಡಬಹುದು. ನಮ್ಮ ಮನೆಯಲ್ಲಿ ಮಾತ್ರ ಆ ಇಪ್ಪತ್ತು ನಿಮಿಷ ಪೂರ್ತಿಯಾದದ್ದೇ ಇಲ್ಲ. ನಾನು ರೆಕಾರ್ಡಿನ ಮೇಲೆ ಸೂಜಿ ಇಟ್ಟೆನೆಂದರೆ ಏನಾದರೊಂದು ಆಗಲೇಬೇಕು. ಒಂದೋ ಬಾಗಿಲು ಬಡಿಯುತ್ತದೆ, ಇಲ್ಲ ಕುಕ್ಕರ್ ಕೂಗುತ್ತದೆ, ಎರಡೂ ಇಲ್ಲದಿದ್ದರೆ ಹೆಂಡತಿ ಕೂಗುತ್ತಾಳೆ.

ನನ್ನ ಆಸೆ ಬಹಳ ಸಣ್ಣದು. ಧಾರವಾಡದ ಹಾಸ್ಟೆಲಿನಲ್ಲಿ ಒಂದು ಕ್ಯಾಸೆಟ್ ಇತ್ತು. ಯಾರದೋ ಕಾಪಿಯ ಕಾಪಿ. ಡ್ರಮ್ಮು ಬಡಿದರೆ ಗೋಣಿಚೀಲ ಬಡಿದಂತೆ ಕೇಳುತ್ತಿತ್ತು. ಆದರೂ ಆ ರಾಕ್ ಹಾಡುಗಳು ನನ್ನನ್ನು ಹಿಡಿದುಬಿಟ್ಟವು. ಕಾಪಿ ಮಾಡಿದ ಪುಣ್ಯಾತ್ಮ ಕ್ಯಾಸೆಟ್ಟಿನಲ್ಲಿ ಜಾಗ ಎಷ್ಟಿದೆ ಅಂತ ನೋಡಿರಲಿಲ್ಲ. ಮೊದಲ ಸೈಡಿನ ಕೊನೆಯ ಹಾಡಿನಲ್ಲಿ ಗಿಟಾರಿನವನು ಏರುತ್ತಾ ಏರುತ್ತಾ ಹೋಗುವಾಗ ಟಕ್ ಅಂತ ಟೇಪು ಮುಗಿಯುತ್ತಿತ್ತು. ನಾಲ್ಕು ವರ್ಷ ಆ ಟಕ್ ಕೇಳಿದೆ. ಎಂದಾದರೂ ಅಸಲಿ ರೆಕಾರ್ಡು ತಂದು, ಒಳ್ಳೆಯ ಆಂಪ್ಲಿಫೈಯರಿನಲ್ಲಿ, ಮೊದಲಿನಿಂದ ಕೊನೆಯವರೆಗೆ ಒಂದೇ ಉಸಿರಿಗೆ ಕೇಳುತ್ತೇನೆ ಅಂತ ಆಗಲೇ ಶಪಥ ಮಾಡಿದ್ದೆ. ಯೂಟ್ಯೂಬಿನಲ್ಲಿ ಇದೆಯಲ್ಲ ಅನ್ನುವವರು ದಯವಿಟ್ಟು ಈ ಪುಟ ಮಗುಚಿ ಮುಂದೆ ಹೋಗಬೇಕು.

ಊರಾಚೆ ಟಕ್ವಿಲಾದ ಒಂದು ಗೋದಾಮಿನಲ್ಲಿ ಯಾರೋ ಹಳೆಯ ಸಾಮಾನು ಮಾರುತ್ತಿದ್ದಾಗ ನನಗೆ ಆ ಆಂಪ್ಲಿಫೈಯರ್ ಸಿಕ್ಕಿತು. ಅಜ್ಜನ ಕಾಲದ ರೇಡಿಯೋದಲ್ಲಿದ್ದಂಥ ಗಾಜಿನ ವಾಲ್ವುಗಳು, ಮೇಲೊಂದು ಕಬ್ಬಿಣದ ಜಾಲರಿ, ಎತ್ತಿದರೆ ಸೊಂಟ ಹಿಡಿಯುವ ಭಾರ. ಜೊತೆಗೆ ಒಂದು ರೆಕಾರ್ಡ್ ಪ್ಲೇಯರ್, ಎದೆಯೆತ್ತರದ ಎರಡು ಸ್ಪೀಕರ್. ನನ್ನ ಆ ರೆಕಾರ್ಡೂ ಸಿಕ್ಕಿತು, ಅದರ ಜೊತೆ ಬೇರೆ ಒಂದಷ್ಟು ರೆಕಾರ್ಡುಗಳೂ ಬಂದವು. ಇನ್ನೇನು ಬೇಕು ಅಂದುಕೊಂಡೆ.

ಹೂವಿನ ಪ್ರಸಾದ

ಮೊದಲ ವಿಘ್ನ ವರಮಹಾಲಕ್ಷ್ಮಿ ಹಬ್ಬದ ದಿನ. ಆಫೀಸಿನಿಂದ ಬೇಗ ಬಂದು ನೋಡುತ್ತೇನೆ, ನನ್ನ ಸ್ಪೀಕರುಗಳು ಕಾಣುತ್ತಿಲ್ಲ. ಕಲಶದ ಎಡಬಲಕ್ಕೆ ಎರಡು ಕಂಬ ನಿಂತಿವೆ, ಅವಕ್ಕೆ ರೇಷ್ಮೆಯ ರವಿಕೆ ಕಣ ಸುತ್ತಿದೆ, ನೆತ್ತಿಯ ಮೇಲೆ ಎಣ್ಣೆ ದೀಪ ಉರಿಯುತ್ತಿದೆ.

"ಒಂದೇ ಎತ್ತರದ ಎರಡು ಸ್ಟೂಲು ಈ ಮನೇಲಿ ಬೇರೆ ಎಲ್ಲಿದೆ ಹೇಳಿ?" ಅಂದಳು ಹೆಂಡತಿ. ಅವಳು ಬೆಂಗಳೂರಿನವಳು, ವಾದದಲ್ಲಿ ಅವಳನ್ನು ಗೆದ್ದ ದಾಖಲೆ ನನ್ನ ಹತ್ತಿರ ಇಲ್ಲ.

ಅರಿಶಿನ ಕುಂಕುಮಕ್ಕೆ ಹೆಂಗಸರು ಬರುವುದು ಆರೂವರೆಗೆ. ನಮ್ಮವರ ಆರೂವರೆ ಎಂದರೆ ಏಳೂಕಾಲು. ಹೆಂಡತಿ ಒಳಗೆ ಕೋಸಂಬರಿ ಕಲಸುತ್ತಿದ್ದಳು. ಸ್ಪೀಕರು ಎಲ್ಲಿದ್ದರೇನು, ವೈರು ಹಾಗೇ ಇದೆಯಲ್ಲ ಅಂತ ರೆಕಾರ್ಡು ಹಾಕಿದೆ. ಎರಡನೆಯ ಹಾಡು ನಡೆಯುತ್ತಿರುವಾಗ, ತೆರೆದಿದ್ದ ಬಾಗಿಲಿನಿಂದ ಪಕ್ಕದ ಬೀದಿಯ ಒಬ್ಬರು ಒಳಗೆ ಬಂದರು. ಇಷ್ಟು ವರ್ಷದಲ್ಲಿ ಯಾವ ಕಾರ್ಯಕ್ರಮಕ್ಕೂ ಹೇಳಿದ ಹೊತ್ತಿಗೆ ಬರದವರು ಅವತ್ತೇ ಅರ್ಧ ಗಂಟೆ ಮುಂಚೆ ಬರಬೇಕೆ? ನನಗೆ ಎದ್ದು ನಿಲ್ಲಿಸುವಷ್ಟು ಪುರುಸೊತ್ತು ಸಿಗಲಿಲ್ಲ. ಅವರಾಗಲೇ ಕಲಶದ ಮುಂದೆ ಕಣ್ಣು ಮುಚ್ಚಿ ನಿಂತಿದ್ದರು.

ಅಷ್ಟರಲ್ಲಿ ಡ್ರಮ್ಮಿನವನು ಶುರು ಮಾಡಿದ. ಕಲಶದ ತೆಂಗಿನಕಾಯಿ ಗಡಗಡ ನಡುಗಿತು. ದೇವಿಯ ಕಿರೀಟದಲ್ಲಿದ್ದ ಸೇವಂತಿಗೆ ಮೆಲ್ಲಗೆ ಜಾರಿ, ಸರಿಯಾಗಿ ಬಲಗಡೆಗೆ ಬಿತ್ತು. ಆಕೆ ಕಣ್ಣು ಬಿಟ್ಟು ನೋಡಿದರು. ಕಣ್ಣಲ್ಲಿ ನೀರು.

"ಗ್ರೀನ್ ಕಾರ್ಡ್ ವಿಷ್ಯನೇ ಕೇಳ್ಕೊಂಡಿದ್ದೆ ರೀ, ಅಮ್ಮ ಪ್ರಸಾದ ಕೊಟ್ಬಿಟ್ಳು."

ಹೆಂಡತಿ ಒಳಗಿನಿಂದ ಬಂದು ನನ್ನ ಕಡೆ ನೋಡಿದ ನೋಟಕ್ಕೆ ಸೂಜಿ ತಾನಾಗಿಯೇ ಮೇಲೆದ್ದಂತಾಯಿತು. ಆಕೆಯ ಗ್ರೀನ್ ಕಾರ್ಡು ಇವತ್ತಿನವರೆಗೂ ಬಂದಿಲ್ಲ. ಆದರೆ ಮರುವರ್ಷ ಹಬ್ಬದ ಮುನ್ನಾದಿನ ಫೋನ್ ಮಾಡಿ ಕೇಳಿದರು: "ಈ ಸಲಾನೂ ನಿಮ್ಮೆಜಮಾನ್ರು ಆ ಹಾಡು ಹಾಕ್ತಾರಾ? ನಮ್ಮೆಜಮಾನ್ರ ಪ್ರಮೋಷನ್ ಬಗ್ಗೆ ಕೇಳೋದಿತ್ತು."

ಅವ್ವನ ಸ್ವಚ್ಛತೆ

ಬಾಗಲಕೋಟೆಯಿಂದ ಅವ್ವ ಆರು ತಿಂಗಳಿಗೆ ಬಂದಿದ್ದಳು. ಒಂದು ಶನಿವಾರ ಧೈರ್ಯ ಮಾಡಿ ರೆಕಾರ್ಡು ಹಾಕಿದೆ. ಅವ್ವ ಅಕ್ಕಿ ಆರಿಸುವುದನ್ನು ನಿಲ್ಲಿಸಿ ತಲೆಯೆತ್ತಿದಳು.

"ಯಾಕೋ ತಮ್ಮಾ, ಇಂವ ಯಾಕ ಹಿಂಗ ಒದರಾಕ ಹತ್ಯಾನ? ಯಾರರ ಬಡ್ಯಾಕ ಹತ್ಯಾರೇನು?"

"ಇಲ್ಲವ್ವಾ. ಹುಡುಗಿ ಬಿಟ್ಟು ಹೋಗ್ಯಾಳಂತ, ಅದಕ್ಕ."

"ಹಿಂಗ ಒದರಿದ್ರ ಯಾರ ನಿಲ್ತಾರ?" ಅಂದಳು. ಅದಾದ ಮೇಲೆ ಆ ಹಾಡನ್ನು ಗಂಭೀರವಾಗಿ ಕೇಳುವುದು ನನ್ನಿಂದ ಆಗಲಿಲ್ಲ. ನಿಲ್ಲಿಸಿಬಿಟ್ಟೆ.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಸೋಮವಾರ ಆಫೀಸಿನಿಂದ ಬಂದರೆ ಸಿಂಕಿನ ಪಕ್ಕ ಪಾತ್ರೆ ಒಣಗಿಸುವ ಸ್ಟ್ಯಾಂಡಿನಲ್ಲಿ ನನ್ನ ರೆಕಾರ್ಡುಗಳು ಸಾಲಾಗಿ ನಿಂತಿವೆ, ಥಳಥಳ ಹೊಳೆಯುತ್ತಿವೆ. ಧೂಳು ಹಿಡಿದಿದ್ದವೆಂದು ಅವ್ವ ಎಲ್ಲವನ್ನೂ ಬಿಸಿನೀರು, ಸೋಪು ಹಾಕಿ ತಿಕ್ಕಿದ್ದಳು. ನಡುವಿನ ಹೆಸರಿನ ಚೀಟಿಗಳು ನೆಂದು ಅಂಚು ಎದ್ದಿದ್ದವಂತೆ. ಹೊಸ ಸ್ಟೀಲ್ ತಾಟಿನ ಸ್ಟಿಕರ್ ಬಿಡಿಸುವ ಹಾಗೆ ಕೊಬ್ಬರಿ ಎಣ್ಣೆ ಹಚ್ಚಿ, ಉಗುರಿನಿಂದ ಕೆರೆದು, ಒಂದು ಚೂರೂ ಉಳಿಯದಂತೆ ತೆಗೆದಿದ್ದಳು. ಪುಣ್ಯಕ್ಕೆ ನನ್ನ ಆ ಒಂದು ರೆಕಾರ್ಡು ಮಾತ್ರ ಪ್ಲೇಯರಿನಲ್ಲೇ, ಮುಚ್ಚಳದ ಕೆಳಗೆ ಉಳಿದುಕೊಂಡಿತ್ತು.

ಸಿಟ್ಟು ನೆತ್ತಿಗೇರಿತು. ಆದರೆ ಎಪ್ಪತ್ತು ದಾಟಿದ ತಾಯಿ ಇಡೀ ಮಧ್ಯಾಹ್ನ ನಿಂತು ತಿಕ್ಕಿದ್ದಾಳೆ, ಯಾರ ಮೇಲೆ ಕೂಗಾಡುವುದು? "ಅವ್ವಾ, ಇನ್ನ ಯಾವುದು ಯಾವುದಂತ ಹೆಂಗ ಗೊತ್ತಾಗಬೇಕು?" ಅಂತ ಮೆಲ್ಲಗೆ ಕೇಳಿದೆ.

ಅವ್ವ ಕೈ ಒರೆಸಿಕೊಳ್ಳುತ್ತಾ ಅಂದಳು: "ಎಲ್ಲಾರೂ ಒಂದ ನಮೂನಿ ಒದರತಾರ. ಯಾವುದರ ಒಂದು ಹಾಕ್ಕೊಂಡು ಕೇಳು."

ಪರಿಣತರ ಸಲಹೆ

ನನ್ನ ಗೆಳೆಯನೊಬ್ಬ ಇದ್ದಾನೆ, ಮೈಸೂರಿನವನು, ಸಾಫ್ಟ್‌ವೇರಿನವನು. ಅವನಿಗೆ ಹಾಡು ಕೇಳುವುದಕ್ಕಿಂತ ಅಳೆಯುವುದು ಇಷ್ಟ. ನನ್ನ ಗೋಳು ಕೇಳಿ, ಟೇಪು, ಫೋನು, ಒಂದು ಸಣ್ಣ ಮೈಕು ಹಿಡಿದು ಬಂದ.

"ಗುರೂ, ನಿನ್ನ ಪ್ರಾಬ್ಲಮ್ ಮನೆಯವರಲ್ಲ. ರೂಮು," ಅಂದ.

ಸೋಫಾ ಒಂದು ಗೇಣು ಹಿಂದೆ ಹೋಯಿತು, ಸ್ಪೀಕರು ಎರಡು ಬೆರಳು ಒಳಗೆ ತಿರುಗಿತು. ಹಾಡಿನ ಮೊದಲ ಹತ್ತು ಸೆಕೆಂಡು ಹಾಕುವುದು, ನಿಲ್ಲಿಸುವುದು, ಟೇಪು ಹಿಡಿಯುವುದು. ಎರಡು ಗಂಟೆಯಲ್ಲಿ ಆ ಹತ್ತು ಸೆಕೆಂಡನ್ನು ಎಷ್ಟು ಸಲ ಕೇಳಿದೆನೋ, ಮಗಳು ರೂಮಿನಿಂದ ಇಣುಕಿ, ಅದು ಕೆಟ್ಟುಹೋಗಿದೆಯಾ ಅಂತ ಇಂಗ್ಲಿಷಿನಲ್ಲಿ ಕೇಳಿದಳು. ಗೆಳೆಯ ಫೋನು ನೋಡುತ್ತಾ ಮನೆಯೆಲ್ಲ ತಿರುಗಿ, ಕೊನೆಗೆ ಅಡುಗೆಮನೆಯಲ್ಲಿ ನಿಂತು ಕೈಯೆತ್ತಿದ.

"ಇಲ್ಲಿ. ಇಲ್ಲಿ ಡ್ರಮ್ಮಿನ ಬೇಸು ಪರ್ಫೆಕ್ಟಾಗಿ ಬರ್ತಿದೆ. ಇಡೀ ಮನೇಲಿ ಇದೇ ಬೆಸ್ಟ್ ಜಾಗ."

ಅವನು ನಿಂತಿದ್ದದ್ದು ಸಿಂಕಿನ ಎದುರು. ಹೆಂಡತಿ ಸ್ಕ್ರಬ್ಬರು ತಂದು ನನ್ನ ಕೈಗೆ ಕೊಟ್ಟಳು. ಅವತ್ತು ನಾಲ್ಕನೆಯ ಹಾಡಿನವರೆಗೂ ಕೇಳಿದೆ. ನಲ್ಲಿ ಬಿಟ್ಟುಕೊಂಡು ಕೇಳಿದ್ದರಿಂದ ಅದನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ.

ಹಿಟ್ಟಿನ ಡಬ್ಬಿ

ಚಳಿಗಾಲ ಬಂತು. ಸಿಯಾಟಲ್ ಕಡೆಯ ಚಳಿಗಾಲದಲ್ಲಿ ಇಡ್ಲಿ ಹಿಟ್ಟು ಹುಳಿ ಬರುವುದಿಲ್ಲ. ಎಲ್ಲರ ಹಾಗೆ ಹೆಂಡತಿಯೂ ಓವನ್ ಒಳಗಿನ ಬಲ್ಬು ದೀಪ ಹಾಕಿ, ಆ ಬಿಸಿಗೆ ಹಿಟ್ಟು ಇಡುತ್ತಿದ್ದಳು. ಆ ದೀಪ ಸುಟ್ಟುಹೋಯಿತು. ಒಂದು ದಿನ ನಾನು ಆಂಪ್ಲಿಫೈಯರ್ ಕಾಯಲೆಂದು ಆನ್ ಮಾಡಿಟ್ಟು ಅಂಗಡಿಗೆ ಹೋಗಿ ಬಂದರೆ, ಜಾಲರಿಯ ಮೇಲೆ ನನ್ನದೇ ಹಳೆಯ ಸ್ವೆಟರು ಹಾಕಿಕೊಂಡ ಸ್ಟೀಲ್ ಡಬ್ಬಿ ಕೂತಿದೆ.

"ಏನಿದು? ಒಳಗೆ ಎಷ್ಟು ವೋಲ್ಟ್ ಇದೆ ಗೊತ್ತಾ ನಿನಗೆ? ಒಂದು ಹನಿ ಹಿಟ್ಟು ಬಿದ್ದರೆ ಮನೆಯೇ ಹೋಗುತ್ತೆ."

"ಮುಚ್ಚಳ ಹಾಕಿದೀನಲ್ಲಾ. ಅದ್ಯಾಕೆ ಹಾಗೆ ಆಡ್ತೀರಿ? ಇಷ್ಟು ವರ್ಷ ಆ ಪೆಟ್ಟಿಗೆ ಒಂದು ಉಪಯೋಗಕ್ಕಾದ್ರೂ ಬಂದಿತ್ತಾ?"

ನಾನು ಸಿಟ್ಟಿನಿಂದ ಗರಾಜಿಗೆ ಹೋಗಿ ಕೂತೆ. ಆದರೆ ಮರುದಿನದ ಇಡ್ಲಿ ಮಲ್ಲಿಗೆಯ ಹಾಗಿತ್ತು. ಸಿಟ್ಟಿನಲ್ಲೇ ಒಂಬತ್ತು ತಿಂದೆ. ಅದರ ಮೇಲೆ ವಾದ ಮಾಡುವ ಯೋಗ್ಯತೆ ನನಗೆ ಉಳಿಯಲಿಲ್ಲ.

ಗೆಳೆಯ ಹೊಸ ಉಪಾಯ ಹೇಳಿದ. ಈಗಿನ ಡಿಜಿಟಲ್ ಆಂಪ್ಲಿಫೈಯರ್ ಊಟದ ಡಬ್ಬಿಯಷ್ಟಿರುತ್ತೆ, ಅದರ ಮೇಲೆ ಪಾತ್ರೆ ಇಡಲು ಜಾಗವೇ ಇರಲ್ಲ ಅಂದ. ಮನಸ್ಸಿಲ್ಲದ ಮನಸ್ಸಿನಿಂದ ತಂದೆ. ಹಳೆಯದನ್ನು ಬಿಚ್ಚಿ ಗರಾಜಿಗೆ ಸಾಗಿಸುವಾಗ, ಐದು ವರ್ಷದಿಂದ "ಆ ಗುಜರಿ ಯಾವಾಗ ಹೋಗುತ್ತೆ" ಎನ್ನುತ್ತಿದ್ದ ಹೆಂಡತಿ ದಾರಿಗೆ ಅಡ್ಡ ನಿಂತಳು. ಹೊಸದರ ಮೇಲೆ ಅಂಗೈ ಇಟ್ಟು ನೋಡಿದಳು.

"ಒಂದು ಗಂಟೆಯಿಂದ ಆನ್ ಇದೆ, ತಣ್ಣಗಿದೆಯಲ್ರೀ. ಇದೂ ಒಂದು ಮೆಷಿನ್ನಾ? ವಾಪಸ್ ಕೊಟ್ಟು ಬನ್ನಿ. ಹಳೇದೇ ಚೆನ್ನಾಗಿದೆ."

ಇಡೀ ಜೀವನದಲ್ಲಿ ನನಗೆ ಸಿಕ್ಕ ಅವಕಾಶ ಅದೊಂದೇ. ಮುಖ ಗಂಭೀರ ಮಾಡಿಕೊಂಡು ಹೇಳಿದೆ: "ಸರಿ, ಹಳೇದನ್ನೇ ಇಡೋಣ. ಆದರೆ ಸುಮ್ಮನೆ ಆನ್ ಮಾಡಿದರೆ ಆಗಲ್ಲ. ಹಾಡು ಓಡ್ತಾ ಇದ್ದರೇ ಸಮನಾಗಿ ಕಾಯೋದು. ಮಧ್ಯೆ ನಿಲ್ಲಿಸಿದರೆ ಶಾಖ ಏರುಪೇರಾಗಿ ಹಿಟ್ಟು ಕೆಡುತ್ತೆ."

ಶುದ್ಧ ಸುಳ್ಳು. ವಾಲ್ವು ಹಾಡಿದರೂ ಕಾಯುತ್ತದೆ, ಹಾಡದಿದ್ದರೂ ಕಾಯುತ್ತದೆ. ನಾನು ಎಂಜಿನಿಯರಿಂಗ್ ಓದಿದ್ದು ಮೊದಲ ಸಲ ಮನೆಯಲ್ಲಿ ಉಪಯೋಗಕ್ಕೆ ಬಂತು.

ಮುಂದಿನ ಶನಿವಾರ ಬೆಳಿಗ್ಗೆ ಎಂಟಕ್ಕೆ ಡಬ್ಬಿ ಏರಿತು, ಸೂಜಿ ಇಳಿಯಿತು. ಕುಕ್ಕರ್ ಕೂಗಲಿಲ್ಲ. ಬಾಗಿಲು ಬಡಿದವರನ್ನು ಹೆಂಡತಿ ಹೊರಗೇ ಮಾತಾಡಿಸಿ ಕಳಿಸಿದಳು. "ಅಪ್ಪ ಹಾಡು ಹಾಕಿದಾರೆ, ಶ್" ಅಂತ ಮಗಳಿಗೆ ತಾಕೀತು ಮಾಡಿದಳು. ಕೊನೆಯ ಹಾಡು ಬಂತು. ಗಿಟಾರು ಏರಿತು. ಟಕ್ ಎನ್ನಬೇಕಾದ ಜಾಗ ಬಂತು, ನನ್ನ ಮೈ ತಾನಾಗಿಯೇ ಬಿಗಿಯಾಯಿತು. ಗಿಟಾರು ಅದನ್ನು ದಾಟಿ ಹೋಯಿತು. ಅಲ್ಲಿಂದ ಮುಂದೆ ಅಷ್ಟೊಂದು ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಹಾಸ್ಟೆಲು, ಗೋಡೆಗೊರಗಿ ಕೂತು ಕೇಳುತ್ತಿದ್ದ ನಾವು ನಾಲ್ವರು, ಎಲ್ಲ ನೆನಪಾಗಿ ಕಣ್ಣು ತುಂಬಿ ಬಂದವು. ಸೈಡು ಮುಗಿಯಿತು. ಪೂರ್ತಿ ಮುಗಿಯಿತು.

ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಅಡುಗೆಮನೆಯಿಂದ ಹೆಂಡತಿ ಓಡಿ ಬಂದಳು.

"ಯಾಕ್ರೀ ನಿಂತೋಯ್ತು? ತಿರುಗಿಸಿ ಹಾಕಿ, ಹಾಕಿ."

ಆಗ ನನಗೆ ಹೊಳೆಯಿತು. ಹಿಟ್ಟು ಉಬ್ಬಲು ಎಂಟು ಗಂಟೆ ಬೇಕು. ಸೈಡಿಗೆ ಇಪ್ಪತ್ತು ನಿಮಿಷ. ಸುಳ್ಳು ಒಪ್ಪಿಕೊಳ್ಳುವ ಹಾಗಿಲ್ಲ. ಮಿಕ್ಕ ರೆಕಾರ್ಡುಗಳಿಗೆ ಹೆಸರಿಲ್ಲ, ಕೈಗೆ ಸಿಕ್ಕಿದ್ದನ್ನು ಹಾಕಿದೆ. ಹನ್ನೊಂದಕ್ಕೆ ತಲೆ ಹಿಡಿದುಕೊಂಡಿತು. ಊಟದ ಮಧ್ಯೆ ಎರಡು ಸಲ ಎದ್ದು, ಎಂಜಲು ಕೈ ತೊಳೆದು ರೆಕಾರ್ಡು ತಿರುಗಿಸಿದೆ. ಬಾಗಲಕೋಟೆಗೆ ವಾಪಸಾಗಿದ್ದ ಅವ್ವ ಅಲ್ಲಿಯ ಬೆಳಗಿನ ಜಾವಕ್ಕೇ ಎದ್ದು ವಿಡಿಯೋ ಕಾಲ್ ಮಾಡಿ, "ಇನ್ನೂ ಒದರಾಕ ಹತ್ಯಾನಲ್ಲೋ, ಹುಡುಗಿ ಬಂದಿಲ್ಲೇನು?" ಅಂದಳು. ಮೂರು ಗಂಟೆಯ ಹೊತ್ತಿಗೆ ಯಾರಾದರೂ ಬಾಗಿಲು ಬಡಿಯಲಿ ತಾಯಿ ಅಂತ ಗೋಡೆಯ ಮೇಲಿನ ಲಕ್ಷ್ಮಿಯ ಪಟಕ್ಕೆ ಕೈ ಮುಗಿದೆ. ಅವಳ ಹೂವು ಎಡಕ್ಕೆ ಬಿತ್ತು.

ಸೋಫಾದಲ್ಲಿ ನಿದ್ದೆಗೆ ಕಣ್ಣು ಎಳೆಯುತ್ತಿರುವಾಗ ಯಾರೋ ಭುಜ ಅಲುಗಾಡಿಸಿದರು. ಹೆಂಡತಿ. ಒಂದು ಕೈಯಲ್ಲಿ ಡಬ್ಬಿಯ ಮುಚ್ಚಳ, ಇನ್ನೊಂದರಲ್ಲಿ ಯಾವುದೋ ಹೆಸರಿಲ್ಲದ ರೆಕಾರ್ಡು.

"ಏಳಿ ರೀ, ಇನ್ನೂ ಅರ್ಧ ಡಬ್ಬಿನೂ ಬಂದಿಲ್ಲ. ಸ್ವಲ್ಪ ಜಾಸ್ತಿ ಕಿರುಚೋನನ್ನ ಹಾಕಿ."