ಕೆಂಪು ಟೋಪಿಯ ಬೆನ್ನು ಹಿಡಿದು

ಆ ದಿನ ಬೆಳಗ್ಗೆ ಮೋಡವಿರಲಿಲ್ಲ, ಮಳೆಯಿರಲಿಲ್ಲ; ಬರೀ ಗಾಳಿ. ಮುನಿಸಿಕೊಂಡು ತವರಿಗೆ ಹೊರಟವಳ ಹಾಗೆ ಹಿಂದೆ ತಿರುಗಿ ನೋಡದೆ ಒಂದೇ ದಿಕ್ಕಿಗೆ ಬೀಸುತ್ತಿತ್ತು.

ಕನ್ನಡಕದಂಗಡಿಯವನು ಹಿತ್ತಲಲ್ಲಿ ಮಂಡಿಯೂರಿ, ಕೆಂಪು ಬಕೆಟ್ಟಿನ ನೀರಿನಲ್ಲಿ ಮುಖ ಅದ್ದಿಕೊಂಡು ಮನಸ್ಸಿನಲ್ಲೇ ಎಣಿಸುತ್ತಿದ್ದ. ಇಪ್ಪತ್ತೆಂಟು, ಇಪ್ಪತ್ತೊಂಬತ್ತು...

"ನನ್ನ ಬಕೆಟ್ ಯಾವಾಗ ಕೊಡ್ತೀಯಪ್ಪಾ?" ಬೇಲಿಯಾಚೆಯಿಂದ ಪಕ್ಕದ ಮನೆ ದೊಡ್ಡಮ್ಮನ ದನಿ. "ಎರಡು ದಿನಕ್ಕೆ ಅಂತ ಇಸ್ಕೊಂಡೆ. ಎರಡು ತಿಂಗಳಾಯ್ತು."

ಅವನು ಮುಖವೆತ್ತಿ ಕೆಮ್ಮಿದ. "ಇವತ್ತೇ ಕೊನೆ ದೊಡ್ಡಮ್ಮ. ಕೆರೆ ಹತ್ರ ಇನ್ನೊಂದ್ಸಲ ಅದ್ದಿ, ಸಂಜೆ ತಂದುಕೊಡ್ತೀನಿ."

"ಸಂಜೆ ಯಾಕೆ? ನಾನೇ ಕೆರೆಗೆ ಬರ್ತೀನಿ. ಹೋದ ವರ್ಷದ ತಮಾಷೆ ತಪ್ಪಿಹೋಗಿತ್ತು."

ಹೋದ ವರ್ಷದ ತಮಾಷೆ ಊರಿಗೇ ಗೊತ್ತು. ಈಜು, ಸೈಕಲ್, ಓಟ ಸೇರಿದ ಸ್ಪರ್ಧೆ ಅದು, ಮೂವರು ಹಂಚಿಕೊಳ್ಳಬಹುದು. ಈಜಿದವನು ಕಾಲಿಗೆ ಕಟ್ಟಿದ ಪಟ್ಟಿಯನ್ನು ಬಿಚ್ಚಿ ಕೊಟ್ಟ ಮೇಲೆಯೇ ಸೈಕಲ್ ಹೊರಡಬೇಕು. ಈಜು ಅವನದು, ಸೈಕಲ್ ಮಗಳದು, ಓಟ ಅಳಿಯನದು. ಈಜುಕೊಳದಲ್ಲಿ ತಳದ ನೀಲಿ ಗೆರೆಯನ್ನು ನೋಡುತ್ತ ಮೀನಿನಂತೆ ಈಜುವವನು ಇವನು. ಕೆರೆಗೆ ಗೆರೆ ಎಳೆದವರು ಯಾರು? ತಳ ಕಾಣಲಿಲ್ಲ, ಯಾವುದೋ ಜೊಂಡು ಕಾಲಿಗೆ ತಗುಲಿತು, ಮೂರೇ ನಿಮಿಷಕ್ಕೆ ದಡ ಹತ್ತಿ ಕೂತಿದ್ದ. ಮಗಳು ಸೈಕಲ್ ಹಿಡಿದು ನಿಂತೇ ಇದ್ದಳು. ಒಂದು ಮಾತೂ ಬೈಯಲಿಲ್ಲ. ಬೈದ ಮಾತು ಗಾಳಿಗೆ ಹೋಗುತ್ತದೆ, ಬೈಯದೆ ಉಳಿದದ್ದು ಮುಳ್ಳಿನಂತೆ ಒಳಗೇ ಕೂರುತ್ತದೆ. ಈ ಸಲ ಆ ಪಟ್ಟಿಯನ್ನು ಅವಳ ಕೈಗೆ ಮುಟ್ಟಿಸಲೇಬೇಕು.

ಕೆರೆ ದಂಡೆಯಲ್ಲಿ ಬುದ್ಧಿ ಹೇಳುವವರು ಕಾದೇ ಇದ್ದರು.

"ಕಣ್ಣು ಮುಚ್ಕೊಂಡು ಈಜು ಮಾರಾಯ, ಆಳ ಕಾಣೋದೇ ಇಲ್ಲ," ಎಂದ ದರ್ಜಿ.

"ತಲೆ ಬೋಳಿಸ್ಕೋಬೇಕಿತ್ತು. ಭಾರ ಕಡಿಮೆಯಾಗ್ತಿತ್ತು," ಎಂದ ಕ್ಷೌರಿಕ. ಅವನ ಜೇಬಿನಲ್ಲಿ ಕತ್ತಿಯೂ ಸಿದ್ಧವಾಗಿತ್ತು.

ಈಜು ಕಲಿಸುವ ಕೋಚ್ ಮಾತ್ರ ಕೆಲಸಕ್ಕೆ ಬರುವ ಮಾತಾಡಿದರು. "ನೋಡಿ, ಅಲ್ಲಿ ಬಾವುಟ ಕಾಣುತ್ತಲ್ಲ, ಅದನ್ನ ಸುತ್ತಿ ಇದೇ ದಡಕ್ಕೆ ಬರಬೇಕು. ನಿಮಗೆ ಗೆರೆ ತಾನೇ ಬೇಕು? ಕೆಂಪು ಟೋಪಿ ಹಾಕ್ಕೊಂಡು ನಾನು ಮುಂದೆ ಹೋಗ್ತೀನಿ. ಅದೇ ಗೆರೆ ಅಂದ್ಕೊಳ್ಳಿ. ಆರು ಸಲ ಕೈ ಬೀಸಿ, ಒಂದ್ಸಲ ತಲೆಯೆತ್ತಿ ನೋಡಿ. ಬೇರೆ ಯೋಚನೆ ಬೇಡ."

ಅವನು ಕೆರೆಯ ನೀರನ್ನು ಬಕೆಟ್ಟಿಗೆ ತುಂಬಿ ಕೊನೆಯ ಸಲ ಮುಖ ಅದ್ದಿದ. ನೀರು ಚೆಲ್ಲಿ, ಬಕೆಟ್ಟನ್ನು ದಡದ ಕಲ್ಲಿನ ಮೇಲಿಟ್ಟ. ಕನ್ನಡಕ ತೆಗೆದು ಮಗಳ ಕೈಗೆ ಕೊಟ್ಟ. ಕನ್ನಡಕವಿಲ್ಲದಿದ್ದರೆ ಅವನಿಗೆ ಹೆಂಡತಿಗೂ ಕಪಾಟಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ನಂಬರಿರುವ ಈಜುಗನ್ನಡಕ ತರಿಸಿದ್ದನೇನೋ ನಿಜ. ಗಿರಾಕಿಯೊಬ್ಬ ಕೇಳಿದನೆಂದು ಮಾರಿಬಿಟ್ಟಿದ್ದ. ಊರಿಗೆಲ್ಲ ಕಣ್ಣು ಕೊಡುವವನ ಪಾಡು ಅದು.

ಸೀಟಿ ಮೊಳಗಿತು. ಮೂವತ್ತು ಜನ ನೀರಿಗಿಳಿದರು.

ಹತ್ತು ಸಲ ಕೈ ಬೀಸುವಷ್ಟರಲ್ಲಿ ಕೆಳಗೆ ಹಸಿರು ಕತ್ತಲೆ. ಅದೇ ಜೊಂಡು, ಹಳೆಯ ನೆಂಟನಂತೆ, ಕಾಲು ಮುಟ್ಟಿ ಮಾತಾಡಿಸಿತು. ಹಿಂದಿರುಗೋಣವೆಂದು ತಲೆಯೆತ್ತಿದರೆ, ಮುಂದೆ, ಅಲೆಗಳ ನಡುವೆ, ಕೆಂಪು ಟೋಪಿ!

ಏನು ನೆಮ್ಮದಿ ಅದರದು! ಕೈ ಬಡಿಯುವುದಿಲ್ಲ, ನೀರು ಚಿಮ್ಮಿಸುವುದಿಲ್ಲ, ಉಸಿರಿಗಾಗಿ ಒದ್ದಾಡುವುದಿಲ್ಲ. ಧ್ಯಾನಕ್ಕೆ ಕೂತವರ ಹಾಗೆ ತೇಲಿಹೋಗುತ್ತಿತ್ತು. ಬಲ್ಲವರ ಈಜೇ ಹೀಗೆ ಎಂದುಕೊಂಡ. ಅದನ್ನು ನೋಡನೋಡುತ್ತ ಅವನ ಉಸಿರೂ ಹದಕ್ಕೆ ಬಂತು.

"ಸಾರ್, ಸ್ವಲ್ಪ ನಿಧಾನ!" ಎಂದು ಒಮ್ಮೆ ಕೂಗಿದ. ಟೋಪಿ ಕಿವಿಗೆ ಹಾಕಿಕೊಳ್ಳಲಿಲ್ಲ. ಇವನೇ ಜೋರು ಮಾಡಿದ. ಹಿಂದಿನಿಂದ ಸೀಟಿ, ಕೂಗಾಟ. ಹುರಿದುಂಬಿಸುತ್ತಿದ್ದಾರೆಂದು ಇನ್ನಷ್ಟು ಹುರುಪುಗೊಂಡ. ಕೆಳಗೆ ಆಳವಿದೆ ಎಂಬುದೇ ಮರೆತುಹೋಯಿತು. ದಾರಿ ತಪ್ಪುವವನಿಗೆ ಮೇಲಿನವನು ಯಾರನ್ನಾದರೂ ಮುಂದೆ ಕಳಿಸಿಯೇ ಕಳಿಸುತ್ತಾನೆ ಎಂದು ಮನಸ್ಸು ತುಂಬಿ ಬಂತು.

ಕಾಲಿಗೆ ಕೆಸರು ತಗುಲಿತು. ಟೋಪಿ ಜೊಂಡಿಗೊರಗಿ ನಿಂತಿತ್ತು.

"ಬಂದ್ವಾ ಸಾರ್?" ಎಂದು ಏದುಸಿರು ಬಿಡುತ್ತ ಹೆಗಲ ಮೇಲೆ ಕೈಯಿಟ್ಟ. ಹೆಗಲು ಟೊಳ್ಳಾಗಿತ್ತು. ಅದಕ್ಕೊಂದು ಹಿಡಿಯೂ ಇತ್ತು.

ಸುತ್ತ ನೋಡಿದ. ಜನವಿಲ್ಲ, ಸೈಕಲ್ಲುಗಳಿಲ್ಲ. ಆಚೆ ದಡ. ತಿರುಗಿದರೆ, ಅವನ ಬೆನ್ನ ಹಿಂದೆಯೇ ತಲೆಗಳು ಒಂದೊಂದಾಗಿ ಮೇಲೇಳುತ್ತಿದ್ದವು. ಇಪ್ಪತ್ತೆಂಟು.

"ಅಲೆಯಲ್ಲಿ ಬಾವುಟಾನೇ ಕಾಣ್ಲಿಲ್ಲ," ಎಂದ ಮೊದಲು ಬಂದ ಅಂಚೆಯವನು. "ನೀವೊಬ್ರೇ ಅಷ್ಟು ಧೈರ್ಯವಾಗಿ, ನೆಟ್ಟಗೆ ಹೋಗ್ತಿದ್ರಿ. ದಾರಿ ಗೊತ್ತಿರ್ಬೇಕು ಅಂದ್ಕೊಂಡ್ವಿ."

ಎಲ್ಲರಿಗಿಂತ ಕೊನೆಗೆ ನಿಜವಾದ ಕೆಂಪು ಟೋಪಿ ಬಂತು. ಬಾಯಲ್ಲಿ ಸೀಟಿಯಿತ್ತು, ಊದಲು ಉಸಿರಿರಲಿಲ್ಲ. "ಒಬ್ರಿಗೆ ಕಾಲು ಹಿಡ್ಕೊಂಡಿತ್ತು, ದಡಕ್ಕೆ ಬಿಟ್ಟು ಬರೋಷ್ಟ್ರಲ್ಲಿ..." ಎಂದ ಕೋಚ್ ಬಕೆಟ್ಟನ್ನು ಕಂಡು ಮಾತು ನಿಲ್ಲಿಸಿದರು.

ಸ್ಪರ್ಧೆ ರದ್ದಾಯಿತು. ಬರಿಗಾಲಲ್ಲಿ ಕೆರೆ ಸುತ್ತಿ ಎಲ್ಲರೂ ನಡೆದರು. ಈ ಸಲ ಅವನನ್ನು ಮುಂದೆ ಬಿಡಲು ಯಾರೂ ಒಪ್ಪಲಿಲ್ಲ.

ಮಗಳು ಸೈಕಲ್ ಹಿಡಿದು ನಿಂತೇ ಇದ್ದಳು. ಅವನು ಬಗ್ಗಿ ಕಾಲಿನ ಪಟ್ಟಿ ಬಿಚ್ಚಿದ.

"ಈಜಿದೆ ಮಗಳೇ," ಎಂದ. "ಒಂದ್ಸಲಾನೂ ಹೆದರ್ಲಿಲ್ಲ."

"ಗೊತ್ತಪ್ಪ," ಎಂದು ಅವಳು ಕನ್ನಡಕವನ್ನು ಅವನ ಮೂಗಿಗೆ ಏರಿಸಿದಳು. "ಹೋದ ವರ್ಷ ನನ್ನೊಬ್ಬಳ ಸೈಕಲ್ ನಿಂತಿತ್ತು. ಈ ವರ್ಷ ನೋಡು."

ಕನ್ನಡಕದಲ್ಲಿ ಎಲ್ಲವೂ ಸ್ಪಷ್ಟವಾಗಿ ಕಂಡಿತು. ಮೂವತ್ತು ಸೈಕಲ್ಲುಗಳು ಸಾಲಾಗಿ ನಿಂತಿದ್ದವು. ಅವುಗಳ ಮುಂದೆ, ಕೈ ಚಾಚಿಕೊಂಡು, ದೊಡ್ಡಮ್ಮ.

ಅವನು ತಳದಲ್ಲುಳಿದಿದ್ದ ಕೆರೆ ನೀರನ್ನು ಚೆಲ್ಲಿ, ಬಕೆಟ್ಟನ್ನು ಆ ಕೈಗೆ ಕೊಟ್ಟ.