ಲಂಬುವಿನ ಊದಿದ ಮಿದುಳು

ಕಾರಿನ ಡಿಕ್ಕಿಯಿಂದ ಯಂತ್ರ ಎತ್ತುವಾಗ ಮುಚ್ಚಳ ಜಾರಿ ಲಂಬುವಿನ ನೆತ್ತಿಗೆ ಕುಟ್ಟಿತು. ಕಣ್ಣಲ್ಲಿ ನೀರಾಡಿತು. ಆದರೂ ಆಸ್ಪತ್ರೆಗೆ ಯಂತ್ರ ಮಾರಲು ಬಂದವನು ಅದರ ಬಾಗಿಲಲ್ಲೇ ಅಳುವುದು ಚೆನ್ನಾಗಿರದು ಎಂದು ನೆತ್ತಿ ಉಜ್ಜಿಕೊಂಡು ಒಳಗೆ ಹೋದ. ಇವತ್ತೂ ಬರಿಗೈಯಲ್ಲಿ ಬಂದರೆ ಕೆಲಸ ಬಿಟ್ಟು ನಡಿ ಎಂದು ಮ್ಯಾನೇಜರ್ ಹೇಳಿಯಾಗಿತ್ತು.

"ತಲೆಗೆ ಪೆಟ್ಟು ಬಿದ್ದೋರ ಮಿದುಳು ಊದಿದೆಯಾ ಅಂತ ನೋಡೋಕೆ ಇನ್ಮೇಲೆ ಬುರುಡೆ ಕೊರೀಬೇಕಾಗಿಲ್ಲ ಸರ್," ಎಂದು ಡಾಕ್ಟರುಗಳ ಮುಂದೆ ಶುರುಮಾಡಿದ. "ಮುಚ್ಚಿದ ರೆಪ್ಪೆ ಮೇಲೆ ಈ ಕಡ್ಡಿ ಇಟ್ರೆ ಸಾಕು. ಮಿದುಳು ಊದಿದ್ರೆ ಕಣ್ಣಿನ ಹಿಂದಿರೋ ನರದ ಕವಚಾನೂ ಊದುತ್ತೆ. ಯಂತ್ರ ಅದನ್ನ ಅಳೆದು ಕೆಂಪು ದೀಪ ಹಾಕುತ್ತೆ. ತಪ್ಪೋ ಮಾತೇ ಇಲ್ಲ."

"ನಿಮಗೇ ಇಟ್ಟು ತೋರ್ಸಿ," ಎಂದು ದೊಡ್ಡ ಡಾಕ್ಟರು ಆಕಳಿಸಿದರು.

ಲಂಬು ಮಲಗಿದ. ನರ್ಸು ರೆಪ್ಪೆಗೆ ಜೆಲ್ ಬಳಿದು ಕಡ್ಡಿ ಇಟ್ಟಳು. ಕೆಂಪು ದೀಪ ಹತ್ತಿತು.

"ತಲೆಗೆ ಎಲ್ಲಾದ್ರೂ ಪೆಟ್ಟು ಬಿತ್ತೇನ್ರೀ?"

"ಸ್ವಲ್ಪ... ಡಿಕ್ಕಿ ಮುಚ್ಚಳ."

ಒಬ್ಬ ಅವನ ಶೂ ಬಿಚ್ಚಿದ, ಇನ್ನೊಬ್ಬ ಬೆಲ್ಟು ಬಿಚ್ಚಿದ. ಕಲ್ಲಂಗಡಿ ಕೊಳ್ಳಲು ಬಂದವರಂತೆ ಎಲ್ಲರೂ ತಲೆ ತಟ್ಟಿ ನೋಡಿದರು.

ಸ್ಟ್ರೆಚರಿನ ಮೇಲಿಂದಲೇ ಲಂಬು ಮ್ಯಾನೇಜರಿಗೆ ಫೋನು ಹಚ್ಚಿದ. "ಸರ್, ನಾನು ಚೆನ್ನಾಗೇ ಇದ್ದೀನಿ. ಯಂತ್ರ ತಪ್ಪು ತೋರಿಸ್ತು ಅಂದ್ಬಿಡ್ಲಾ?"

"ಹುಚ್ಚಾ ನಿಂಗೆ? ಸುಮ್ನೆ ಮಲ್ಕೋ. ಆದ್ರೆ ಸ್ವಲ್ಪ ನರಳು."

ಲಂಬು ನರಳಿದ. ಕೆಲಸಕ್ಕೆ ಸೇರಿದ ಮೇಲೆ ಅವನು ಇಷ್ಟು ಅಚ್ಚುಕಟ್ಟಾಗಿ ಮಾಡಿದ ಕೆಲಸ ಇದೊಂದೇ. ಊಟ ನಿಂತಿತು, ನೀರೂ ನಿಂತಿತು. ಬುರುಡೆ ಕೊರೆಯಬೇಕಾಗಿ ಬಂದರೆ ಇರಲಿ ಎಂದು ಅರ್ಧ ತಲೆ ಬೋಳಿಸಿದರು.

"ಭಲೇ ಯಂತ್ರ. ಕೊಂಡ್ಕೊಳ್ಳೋಣ," ಎಂದು ದೊಡ್ಡ ಡಾಕ್ಟರು ಅವನ ಮಂಚದ ಪಕ್ಕದಲ್ಲೇ ಪೆನ್ನು ತೆಗೆದರು. ಲಂಬು ನರಳುವುದನ್ನು ಮರೆತು ನಕ್ಕ. "ಅದಕ್ಮುಂಚೆ ನಂದೂ ಒಂದ್ಸಲ ನೋಡಮ್ಮ, ತಮಾಷೆಗೆ," ಎಂದು ದೊಡ್ಡ ಡಾಕ್ಟರು ನರ್ಸಿನ ಮುಂದೆ ಕಣ್ಣು ಮುಚ್ಚಿ ಕುಳಿತರು.

ನರ್ಸು ಕಡ್ಡಿ ಇಟ್ಟಳು. ದೀಪ ಇನ್ನಷ್ಟು ಕೆಂಪಗೆ ಉರಿಯಿತು.

ಕಿರಿಯ ಡಾಕ್ಟರಿಗೆ ಮುಂದಿನ ತಿಂಗಳು ಬಡ್ತಿಯಾಗಬೇಕಿತ್ತು. "ಯಂತ್ರ ಕೆಟ್ಟಿದೆ ಸರ್," ಎಂದ.

"ಪೂರ್ತಿ ಕೆಟ್ಟಿದೆ," ಎಂದರು ಉಳಿದವರು. ಪೆನ್ನು ಜೇಬಿಗೆ ಮರಳಿತು.

ವ್ಯಾಪಾರ ಮುರಿಯಿತು, ತಲೆಯಾದರೂ ಉಳಿಯಿತಲ್ಲ ಎಂದು ಲಂಬು ಮಂಚದಿಂದ ಕಾಲು ಇಳಿಬಿಟ್ಟ. "ಹಾಗಾದ್ರೆ ನಾನು ಹೊರಡ್ಲಾ ಸರ್?"

"ಎಲ್ಲಿಗೆ? ಮಲ್ಕೊಳ್ರೀ," ಎಂದು ದೊಡ್ಡ ಡಾಕ್ಟರು ಗದರಿದರು. "ನಿಮ್ಮನ್ನ ನೋಡೋವಾಗ ಯಂತ್ರ ಸರಿಯಾಗೇ ಇತ್ತು. ಕೆಟ್ಟಿದ್ದು ಆಮೇಲೆ."