ಅಳತೆ ಸಮೇತ ಹೇಳಿ

ಕೆಲಸಕ್ಕೆ ಜನರನ್ನು ಆರಿಸುವ ಕೋಣೆಯ ಮೂಲೆಯಲ್ಲಿ ಗುಮಾಸ್ತನಾಗಿ ಕೂತವನಿಗೆ ನಗುವುದಕ್ಕೆ ನಾಟಕ, ಸಿನಿಮಾ ಯಾವುದೂ ಬೇಕಾಗುವುದಿಲ್ಲ. ಒಂದು ಸಂದರ್ಶನ ಮುಗಿಯುವುದರೊಳಗೆ ಒಂದಾದರೂ ಫಜೀತಿ ಆಗಿಯೇ ತೀರುತ್ತಿತ್ತು. ಆದರೆ ನಗುವಂತಿರಲಿಲ್ಲ, ಸಾಹೇಬರು ಪಕ್ಕದಲ್ಲೇ ಇರುತ್ತಿದ್ದರು. ಅವತ್ತು ತಡೆದುಕೊಂಡ ನಗುವನ್ನೆಲ್ಲ ಈಗ ಪಿಂಚಣಿ ತಿನ್ನುತ್ತ ಬಿಡುವಾಗಿ ನಗುತ್ತಿದ್ದೇನೆ.

ಅರವತ್ತರ ದಶಕದ ಮಾತು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕೂ ಕಡೆ ಜೀಪಿನಲ್ಲಿ ಸುತ್ತಿ ಗ್ರಾಮಸೇವಕರನ್ನೋ ಜವಾನರನ್ನೋ ಆರಿಸುವುದು ನಮ್ಮ ಸಾಹೇಬರ ಕೆಲಸ. ಬಾಗಿಲಲ್ಲಿ ಹೆಸರು ಕೂಗುವುದು, ಉತ್ತರ ಬರೆದುಕೊಳ್ಳುವುದು ನನ್ನ ಕೆಲಸ. ಒಂದು ಸಲ ಸಾಹೇಬರು ಯಾವುದೋ ತರಬೇತಿಗೆ ಹೋಗಿ ಬಂದರು. ಬರುವಾಗ ಎಲ್ಲರೂ ಮನೆಗೆ ಸೀರೆಯನ್ನೋ ಸಿಹಿಯನ್ನೋ ತರುತ್ತಾರೆ, ಇವರು ಒಂದು ಪ್ರಶ್ನೆ ತಂದರು. "ಯಾರೂ ಹೇಳದೆ, ನೀವಾಗಿಯೇ ಮುಂದೆ ಬಂದು ಮಾಡಿದ ಒಂದು ಕೆಲಸ ಹೇಳಿ. ಅದರಿಂದ ಎಷ್ಟು ಪ್ರಯೋಜನವಾಯಿತು? ಅಳತೆ ಸಮೇತ ಹೇಳಿ."

ಪ್ರಶ್ನೆ ಒಳ್ಳೆಯದೇ. ಆದರೆ ನಮ್ಮ ಕಡೆ ಯಾರೂ ಹೇಳದೆ ಕೆಲಸ ಮಾಡುವುದಕ್ಕೆ ಅಧಿಕಪ್ರಸಂಗ ಅಂತ ಹೆಸರು. ಮಾಡಿದ್ದನ್ನು ತಾನೇ ಹೇಳಿಕೊಳ್ಳುವುದಕ್ಕೆ ಜಂಬ ಅಂತ ಹೆಸರು. ಇನ್ನು ಬಂದ ಫಲವನ್ನು ಅಳತೆ ಸಮೇತ ಹೊರಗಿನವರಿಗೆ ಹೇಳುವುದಕ್ಕೆ ಹೆಸರೇ ಇರಲಿಲ್ಲ, ಯಾಕೆಂದರೆ ಹಾಗೆ ಯಾರೂ ಮಾಡುತ್ತಿರಲಿಲ್ಲ.

ನಿಂತಿದ್ದವನು

ಆ ಪ್ರಶ್ನೆಗೆ ಮೊದಲು ಸಿಕ್ಕಿಬಿದ್ದವನು ಸಿಂಧಘಟ್ಟದ ಕಡೆಯ ಒಬ್ಬ ಹುಡುಗ. ಪಾಂಡವಪುರದಲ್ಲಿ ಗ್ರಾಮಸೇವಕನ ಕೆಲಸಕ್ಕೆ ಸಂದರ್ಶನ. ಊರ ಕಾಲುವೆಯಲ್ಲಿ ತುಂಬಿ ಹೋಗಿದ್ದ ಹೂಳನ್ನು ಮನೆಮನೆಗೆ ತಿರುಗಿ, ಜನರ ಕೈಕಾಲು ಹಿಡಿದು ತೆಗೆಸಿದ್ದು ಅವನೇ ಎಂದು ಅವನ ಜೊತೆ ಬಂದಿದ್ದವರು ನನಗೆ ಹೊರಗೇ ಹೇಳಿದ್ದರು. ಒಳಗೆ ಬಂದವನು ಬೆವರು ಒರೆಸಿಕೊಂಡು, "ನಂದೇನೂ ಇಲ್ಲ ಸಾ, ಊರೋರೆಲ್ಲ ಸೇರ್ಕಂಡು ಮಾಡುದ್ರು" ಅಂದ.

ಸಾಹೇಬರು, ಆಗ ನೀನೇನು ಮಾಡುತ್ತಿದ್ದೆ ಎಂದು ಕೇಳಿದರು.

"ನಾನು ನಿಂತಿದ್ದೆ ಸಾ."

ಸಾಹೇಬರು ಅದನ್ನು ಹಾಗೇ ಬರೆದುಕೊಳ್ಳಲು ಹೇಳಿದರು. ಕೆಲಸ ಬೇರೆಯವನ ಪಾಲಾಯಿತು.

ಹುಡುಗ ಜಗಲಿಯಲ್ಲಿ ಮುಖ ಸಣ್ಣದು ಮಾಡಿಕೊಂಡು ಕೂತಿದ್ದ. ವಿಚಾರಿಸಿದೆ. ಅಕ್ಕನ ಮಗಳನ್ನು ಅವನಿಗೇ ಕೊಡುವುದೆಂದು ಹುಟ್ಟಿದಾಗಿನಿಂದ ಮಾತಂತೆ. ಹುಡುಗಿಗೂ ಅದೇ ಮನಸ್ಸು. ಆದರೆ ಭಾವ ಈಚೆಗೆ ಬಿಗಿಯಾಗಿದ್ದಾನೆ, ಸರ್ಕಾರಿ ಆರ್ಡರು ಬಂದ ದಿನವೇ ಲಗ್ನಪತ್ರಿಕೆ, ಅಲ್ಲೀತನಕ ಮನೆ ಕಡೆ ತಲೆ ಹಾಕಬೇಡ ಅಂದಿದ್ದಾನೆ. "ಮುಂದಿನ ಸಲ ಬಾಯಿ ತೆಗೆದರೆ ನಾನು ಅಂತಲೇ ಶುರು ಮಾಡಪ್ಪ" ಎಂದು ಬುದ್ಧಿ ಹೇಳಿ ಕಳಿಸಿದೆ.

ಎರಡು ಗೋಣಿಚೀಲ

ಶ್ರೀರಂಗಪಟ್ಟಣದಲ್ಲಿ ಜವಾನನ ಕೆಲಸಕ್ಕೆ ಕರೆದಿದ್ದೆವು. ಹಿಂದಿನ ದಿನ ಭಾರಿ ಮಳೆ. ಕಚೇರಿಯ ಹೆಂಚು ಸೋರಿ ಅರ್ಜಿಗಳೆಲ್ಲ ತೊಪ್ಪೆಯಾಗಿದ್ದವು. ಅಲ್ಲಿನ ಗುಮಾಸ್ತರು ಬೆಳಿಗ್ಗೆ ಅವನ್ನು ಅಂಗಳದಲ್ಲಿ ಬಿಸಿಲಿಗೆ ಹರವಿ ಕಾಫಿಗೆ ಹೋಗಿದ್ದರು.

ಸಾಹೇಬರ ಪ್ರಶ್ನೆ ಆ ಹೊತ್ತಿಗೆ ಊರೂರಿಗೂ ಗೊತ್ತಾಗಿತ್ತು. ಒಬ್ಬ ಎಲ್ಲರಿಗಿಂತ ಮುಂಚೆ ಬಂದು ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ. ಅರ್ಜಿಗಳು ಒಳಗೆ ಬರುವುದರೊಳಗೆ ಅವನನ್ನೇ ಮೊದಲು ಕರೆದು ಕೇಳಿದ್ದಕ್ಕೆ ಬಹಳ ಖುಷಿಯಿಂದ, ಇವತ್ತು ಬೆಳಿಗ್ಗೆಯೇ ಒಂದು ಕೆಲಸ ಮಾಡಿದ್ದೇನೆ, ಕಚೇರಿ ಅಂಗಳದಲ್ಲಿ ಕಂಡಾಪಟ್ಟೆ ಕಾಗದದ ಕಸ ಬಿದ್ದಿತ್ತು, ಯಾರೂ ಹೇಳಲಿಲ್ಲ, ನಾನಾಗಿಯೇ ಗುಡಿಸಿ ತುಂಬಿ ಹಿತ್ತಲಲ್ಲಿ ಸುಟ್ಟೆ ಅಂದ.

"ಅಳತೆ?" ಅಂದರು ಸಾಹೇಬರು, ಇನ್ನೂ ವಿಷಯ ತಿಳಿಯದೆ.

"ಎಲ್ಡು ಗೋಣಿಚೀಲ ಸಾ."

ಅಲ್ಲಿನ ಗುಮಾಸ್ತರು ಹಿತ್ತಲಿಗೆ ಓಡಿದರು. ಬೂದಿಯೂ ಆರಿತ್ತು. ಸಾಹೇಬರು ತಲೆಯ ಮೇಲೆ ಕೈಯಿಟ್ಟುಕೊಂಡು, ನಿನ್ನ ಅರ್ಜಿಯನ್ನೂ ಸುಟ್ಟೆಯಲ್ಲಯ್ಯ ಅಂದರು. ಅವನು ನಿಧಾನವಾಗಿ ಜೇಬಿಗೆ ಕೈ ಹಾಕಿದ. ಕೊಡುವುದನ್ನೇ ಮರೆತು ಜೇಬಿನಲ್ಲಿ ಇಟ್ಟುಕೊಂಡಿದ್ದ. ತಾಲ್ಲೂಕಿಗೆಲ್ಲ ಉಳಿದಿದ್ದ ಅರ್ಜಿ ಅದೊಂದೇ ಆದ್ದರಿಂದ ಕೆಲಸ ಅವನಿಗೇ ಕೊಡಬೇಕಾಯಿತು.

ಹೊಗೆಯಿಲ್ಲದ ಒಲೆ

ನಾಗಮಂಗಲದಲ್ಲಿ ಮಹಿಳಾ ಕಾರ್ಯಕರ್ತೆಯ ಜಾಗಕ್ಕೆ ದೇವಲಾಪುರದ ಕಡೆಯ ಒಬ್ಬ ಹೆಂಗಸು ಬಂದಿದ್ದರು. ಸೆರಗು ಸೊಂಟಕ್ಕೆ ಬಿಗಿದು, ಕುರ್ಚಿಯನ್ನು ಒಂದು ಸಲ ಅಲ್ಲಾಡಿಸಿ ನೋಡಿ ಕೂತರು. ಆಗ ಸರ್ಕಾರದವರು ಹೊಗೆಯಿಲ್ಲದ ಒಲೆಯ ಪ್ರಚಾರ ಮಾಡುತ್ತಿದ್ದ ಕಾಲ. ಈಕೆ ಯಾರನ್ನೂ ಕೇಳದೆ ತಾನೇ ಮಣ್ಣು ಕಲಸಿ, ಕೊಳವೆ ಕೂರಿಸಿ, ಊರಿನ ಅಡುಗೆಮನೆಗಳಿಗೆಲ್ಲ ಅಂಥ ಒಲೆ ಹಾಕಿಕೊಟ್ಟಿದ್ದರು. ಸಾಹೇಬರು ಅರಳಿಹೋದರು. ಪ್ರಯೋಜನ ಏನಾಯಿತು ಎಂದು ಕೇಳಿದರು.

ಜಗಳ ಜಾಸ್ತಿಯಾಯಿತು ಅಂದರು ಆಕೆ.

ಸಾಹೇಬರು ಕನ್ನಡಕ ತೆಗೆದರು. ಆಕೆ ವಿವರಿಸಿದರು. ಮೊದಲು ಸೊಸೆ ಒಲೆ ಮುಂದೆ ಕೂತು ಕಣ್ಣೀರು ಹಾಕಿದರೆ ಹೊಗೆ ಅಂದುಕೊಂಡು ಅತ್ತೆ ಸುಮ್ಮನಿರುತ್ತಿದ್ದಳು. ಸೊಸೆಯೂ ಮನಸ್ಸು ಹಗುರ ಮಾಡಿಕೊಂಡು ಎದ್ದು ಬರುತ್ತಿದ್ದಳು. ಈಗ ಹೊಗೆಯೇ ಇಲ್ಲ. ಯಾಕೆ ಅಳುತ್ತೀಯ ಎಂದು ಅತ್ತೆ ಕೇಳುತ್ತಾಳೆ, ಇವಳು ಯಾಕೆ ಎಂದು ಹೇಳುತ್ತಾಳೆ. ಅಲ್ಲಿಂದ ಶುರು.

ಅದೆಲ್ಲ ಇರಲಿ, ಒಟ್ಟು ಎಷ್ಟು ಮನೆಗೆ ಒಲೆ ಹಾಕಿದಿರಿ, ಅಳತೆ ಹೇಳಿ ಅಂದರು ಸಾಹೇಬರು.

"ಸಂಜೆವೊತ್ನಲ್ಲಿ ನಮ್ಮೂರ ಬೀದೀಲಿ ನಿಂತ್ಕಂಡು ಕೇಳಿ ಸಾ. ಎಲ್ಲೆಲ್ಲಿ ಜಗಳ ಕೇಳುಸ್ತದೋ ಅಲ್ಲೆಲ್ಲ ನಂದೇ ಒಲೆ."

ಸಾಹೇಬರಿಗೂ ಮನೆಯಲ್ಲಿ ಅಮ್ಮ ಇದ್ದರು, ಹೆಂಡತಿ ಇದ್ದರು. ಕೆಲಸ ಕೊಟ್ಟರು. ತಮ್ಮ ಮನೆಗೂ ಅಂಥ ಒಲೆ ಹಾಕಿಕೊಡಿ ಎಂದು ಮಾತ್ರ ಕೇಳಲಿಲ್ಲ.

ನಾನು

ಮರುವರ್ಷ ಸಿಂಧಘಟ್ಟದ ಹುಡುಗ ಮತ್ತೆ ಬಂದ. ನನ್ನ ಬುದ್ಧಿಮಾತನ್ನು ಅವನು ವರ್ಷವಿಡೀ ಉರು ಹೊಡೆದಿದ್ದ ಅಂತ ಕಾಣುತ್ತದೆ. ಕಾಲುವೆ ತೋಡಿದ್ದು ನಾನು, ಶಾಲೆಗೆ ಹೆಂಚು ಹೊದಿಸಿದ್ದು ನಾನು, ಕೆರೆ ಏರಿ ಕಟ್ಟಿದ್ದು ನಾನು. ಕೆರೆ ಏರಿ ಅವರ ಮುತ್ತಾತನ ಕಾಲದ್ದು. ಸಾಹೇಬರು ತಾಳ್ಮೆಯಿಂದಲೇ, ಹಾಗಾದರೆ ಊರಿನವರು ಏನು ಮಾಡುತ್ತಿದ್ದರಪ್ಪ ಅಂದರು.

"ನಿಂತಿದ್ರು ಸಾ."

ಆ ಸಲವೂ ಹೋಯಿತು. ಇತ್ತ ಅವನ ಭಾವ ಮೈಸೂರು ಬಸ್ಸಿನ ಕಂಡಕ್ಟರೊಬ್ಬನನ್ನು ಮನೆಗೆ ಕರೆಸಿ ಉಪ್ಪಿಟ್ಟು ತಿನ್ನಿಸಿದ್ದ ಸುದ್ದಿ ಬಂತು. ಹುಡುಗನಿಗೆ ವಯಸ್ಸಿನ ಮಿತಿ ಮುಗಿಯುತ್ತಿತ್ತು, ಇನ್ನೊಂದೇ ಅವಕಾಶ. ನನ್ನ ಉಪದೇಶದಿಂದಲೇ ಅವನ ಮದುವೆ ಮುರಿಯುತ್ತದೇನೋ ಎಂದು ನನಗೆ ಊಟ ಸೇರಲಿಲ್ಲ. ಅವನನ್ನು ಹುಡುಕಿಸಿ, ನಾನು ಅನ್ನುವುದೂ ಬೇಡ, ಊರವರು ಅನ್ನುವುದೂ ಬೇಡ, ಒಂದು ಕೆಲಸ ಮಾಡು, ಅಳೆದಿಡು, ಅಳೆದದ್ದನ್ನು ಹೇಳು, ಮುಗಿಯಿತು ಅಂದೆ.

ಕಿಟಕಿಯಾಚೆ ಅಪ್ಪ

ಕೊನೆಯ ಸಂದರ್ಶನ ಕೆ.ಆರ್. ಪೇಟೆಯಲ್ಲಿ. ಆ ವರ್ಷ ಲೆವಿಯ ಕಾಟ ಜೋರಾಗಿತ್ತು. ಬೆಳೆದವರು ಇಂತಿಷ್ಟು ಭತ್ತವನ್ನು ಸರ್ಕಾರ ಹೇಳಿದ ಬೆಲೆಗೆ ಅಳೆದುಕೊಡಬೇಕು. ಹಾಗಾಗಿ ನಾಲ್ಕು ತಾಲ್ಲೂಕಿನಲ್ಲಿ ಯಾವ ರೈತನನ್ನು ಕೇಳಿದರೂ ಆ ವರ್ಷ ಭತ್ತವೇ ಬೆಳೆದಿರಲಿಲ್ಲ. ಆದರೆ ಅನ್ನ ಮಾತ್ರ ಮನೆಮನೆಯಲ್ಲೂ ಬೇಯುತ್ತಿತ್ತು.

ಹುಡುಗನ ಜೊತೆ ಅವನ ಅಪ್ಪ ಬಂದಿದ್ದ. ಭಾರಿ ಮೀಸೆಯ ಯಜಮಾನ. ಮಗನ ಬುತ್ತಿಗಂಟು ತೊಡೆಯ ಮೇಲಿಟ್ಟುಕೊಂಡು, ನಮ್ಮ ಕೋಣೆಯ ಕಿಟಕಿಯ ಕೆಳಗೆ ಜಗಲಿಯಲ್ಲಿ ಕೂತಿದ್ದ.

ಹುಡುಗ ಈ ಸಲ ಎಷ್ಟು ಚೆನ್ನಾಗಿ ಮಾತಾಡಿದ ಅಂದರೆ ನನಗೇ ಹೆಮ್ಮೆಯಾಯಿತು. ಹೊಸ ಜಪಾನ್ ಪದ್ಧತಿಯ ನಾಟಿಯನ್ನು ಅಪ್ಪನ ಗದ್ದೆಯಲ್ಲಿ ತಾನಾಗಿಯೇ ಮಾಡಿದೆ, ಹಗ್ಗ ಕಟ್ಟಿ ಸಾಲಾಗಿ ಪೈರು ನೆಟ್ಟೆ, ಮೊದಲು ಎಕರೆಗೆ ಹತ್ತು ಪಲ್ಲ ಬರುತ್ತಿತ್ತು, ಈಗ ಕಣದಲ್ಲಿ ನಿಂತು ಕೊಳಗದಲ್ಲಿ ಅಳೆದೆ, ಹದಿನೈದು ಪಲ್ಲ ಬಂತು ಅಂದ. ಸಾಹೇಬರು ಇಷ್ಟು ವರ್ಷ ಕಾದಿದ್ದ ಉತ್ತರ ಅದು. ಪೆನ್ನಿನ ಮುಚ್ಚಳ ತೆಗೆದರು.

ಅಷ್ಟರಲ್ಲಿ ನನ್ನನ್ನು ಪಕ್ಕಕ್ಕೆ ತಳ್ಳಿಕೊಂಡು ಬುತ್ತಿಗಂಟಿನ ಸಮೇತ ಅಪ್ಪ ಒಳಗೆ ಬಂದ.

"ಅವುನ್ ಮಾತ ನಂಬ್ಬ್ಯಾಡಿ ಸ್ವಾಮಿ" ಅಂದ. "ಅಗ್ಗ ಕಟ್ಕಂಡು ಗದ್ದೇಲಿ ಕುಣುದಿದ್ದು ನಿಜ. ಬಂದುದ್ದು ಬರೀ ಜೊಳ್ಳು."

ಹಿಂದಿನ ವಾರವಷ್ಟೇ ಲೆವಿಯವರ ಮುಂದೆ ಅವನು ಇದೇ ಮಾತನ್ನು ಹೇಳಿ ಕಳಿಸಿದ್ದನಂತೆ. ಈಗ ಹೆತ್ತ ಮಗ ಸರ್ಕಾರಿ ಮೇಜಿನ ಮುಂದೆ ಕೂತು ಕಣದ ಲೆಕ್ಕ ಒಪ್ಪಿಸುತ್ತಿದ್ದಾನೆ. ಸಾಹೇಬರು, ನಾವು ಲೆವಿಯವರಲ್ಲ ಎಂದು ಎಷ್ಟು ಹೇಳಿದರೂ ಯಜಮಾನ ನಂಬಲಿಲ್ಲ. ಜೀಪು ಇದೆಯಲ್ಲ ಅಂದ. ಕೊನೆಗೆ ಸಾಹೇಬರು ಮುಚ್ಚಳ ಹಾಕಿ ಪೆನ್ನು ಕೆಳಗಿಟ್ಟರು. ಬೆಳೆ ಬರಲಿಲ್ಲ ಅಂದಮೇಲೆ ನಿಮ್ಮ ಮಗ ಹೇಳಿದ್ದು ಸುಳ್ಳಾಯಿತು, ಸುಳ್ಳು ಹೇಳುವವನಿಗೆ ನಾನು ಕೆಲಸ ಕೊಡಲಾರೆ ಅಂದರು.

ಯಜಮಾನ ಮಗನನ್ನು ನೋಡಿದ. ಹುಡುಗ ಕಣ್ಣು ತುಂಬಿಕೊಂಡು ನೆಲ ನೋಡುತ್ತಿದ್ದ. ಮದುವೆಯಾಗಬೇಕಾಗಿದ್ದವಳು ಈ ಯಜಮಾನನಿಗೆ ಮಗಳ ಮಗಳು, ಅವನ ತೊಡೆಯ ಮೇಲೇ ಆಡಿ ಬೆಳೆದವಳು. ಮನುಷ್ಯನ ಮೀಸೆ ಅದುರಿದ್ದನ್ನು ನಾನೇ ಕಂಡೆ. ಬುತ್ತಿಯನ್ನು ಮೇಜಿನ ಮೇಲಿಟ್ಟ. ಹೋಗಿ ಕಿಟಕಿ ಹಾಕಿದ, ಬಾಗಿಲು ಹಾಕಿದ, ಅಗುಳಿ ಸರಿಯಾಗಿ ಬಿದ್ದಿದೆಯೇ ಎಂದು ಜಗ್ಗಿ ನೋಡಿದ. ಆಮೇಲೆ ಸಾಹೇಬರ ಹತ್ತಿರ ಬಗ್ಗಿ ಕಿವಿಯಲ್ಲಿ ಏನೋ ಹೇಳಿದ.

ಸಾಹೇಬರು ಕೂತಲ್ಲೇ ಅವನ ಮುಖ ನೋಡಿದರು.

"ಇಪ್ಪತ್ತೇ? ನಿಮ್ಮ ಮಗ ಹದಿನೈದು ಅಂದನಲ್ಲ."

ಹುಡುಗ ತಲೆಯೆತ್ತಿದ. "ಅಪ್ಪೋ, ಕಣದಲ್ಲಿ ನಾನೇ ನಿಂತ್ಕಂಡು ಅಳುದ್ನಲ್ಲ."

"ನೀನು ಕೊಳಗ ಇಸ್ಕಬರಾಕೆ ಓಗಿದ್ಯಲ್ಲ, ಆಗ್ಲೇ ಒಂದಷ್ಟ ಸಾಗುಸ್ಬುಟ್ಟಿದ್ದೆ ಕಣ್ಲಾ" ಅಂದ ಅಪ್ಪ. "ನಿಂಗ್ ಗೊತ್ತಾದ್ರೆ ಇಂಗೆ ಯಾರ್ ಮುಂದಾದ್ರೂ ಬಾಯ್ಬುಡ್ತೀಯ ಅಂತ ನಂಗೆ ಗೊತ್ತಿರ್ಲಿಲ್ವಾ?"

ಸಾಹೇಬರು ಆವತ್ತು ಮೊದಲ ಬಾರಿಗೆ ಸಂದರ್ಶನದ ಕೋಣೆಯಲ್ಲಿ ಗಟ್ಟಿಯಾಗಿ ನಕ್ಕರು. ನನಗೂ ನಗಲು ಅಪ್ಪಣೆ ಸಿಕ್ಕಂತಾಯಿತು. ಆಯ್ಕೆ ಪಟ್ಟಿಯಲ್ಲಿ ಹುಡುಗನ ಹೆಸರನ್ನು ಅಲ್ಲೇ ಬರೆಸಿದರು. ಪಲ್ಲದ ಲೆಕ್ಕ ಎಲ್ಲೂ ಬರೆಯಬಾರದೆಂದು ಯಜಮಾನ ನನ್ನ ಕೈ ಹಿಡಿದುಕೊಂಡಿದ್ದರಿಂದ, ಫಲಿತಾಂಶ ತೃಪ್ತಿಕರ ಎಂದಷ್ಟೇ ಬರೆದೆ. ಹುಡುಗ ಅಪ್ಪನ ಕಾಲಿಗೆ ಬಿದ್ದ. ಅಪ್ಪ ಅವನನ್ನು ಎತ್ತಿ, ಮೊದಲು ಹೋಗಿ ಅಕ್ಕನ ಮನೆಗೆ ಸುದ್ದಿ ಮುಟ್ಟಿಸು ಎಂದು ಬೆನ್ನು ತಟ್ಟಿ ಓಡಿಸಿದ.

ಹುಡುಗ, ಹುಡುಗಿ ಇಬ್ಬರೂ ಗೆದ್ದದ್ದರಿಂದ ನನಗೆ ನನ್ನ ಮನೆಯದೇ ಮದುವೆ ನಿಶ್ಚಯವಾದಷ್ಟು ಸಂತೋಷವಾಗಿತ್ತು. ಯಜಮಾನನನ್ನು ಜಗಲಿಯವರೆಗೂ ಬಿಡಲು ಹೋದೆ. "ಅಂತೂ ಮಗನಿಗೋಸ್ಕರ ಪೂರ್ತಿ ನಿಜ ಹೇಳಿಬಿಟ್ಟಿರಿ ಯಜಮಾನ್ರೇ" ಅಂದೆ.

ಅವನು ಆಚೀಚೆ ನೋಡಿ ದನಿ ತಗ್ಗಿಸಿದ.

"ಗ್ರಾಮ್‌ಸೇವಕ್ನ ಕೆಲ್ಸಕ್ಕೆ ಎಷ್ಟ್ ಬೇಕೋ ಅಷ್ಟ್ ಯೋಳಿವ್ನಿ ಸ್ವಾಮಿ. ಆ ಸಾಹೇಬ್ರ ಕೆಲ್ಸನೇ ಕೊಡಂಗಿದ್ರೆ ಯೋಳಿ, ಮಿಕ್ಕಿದ್ದೂ ಯೋಳ್ತೀನಿ."